ಹೂವಿನ ತಕ್ಕಡಿ

ಯಾರಿಗೂ ಗೊತ್ತಿಲ್ಲದ ಊರಂತೆ ನಮ್ಮದು.
ಕಾಲಿನ ಮರಳು ಕೊಡವುತ್ತ ಓಂಡ್ರೆ ಹೇಳಿದ, ಬಲು ಖುಷಿಯಿಂದ.
ನನಗೆ ಗೊತ್ತು, ನನ್ನ ತಾಯಿಗೆ ಗೊತ್ತಿತ್ತು,
ಮೊಟ್ಟೆಯಿಡಲು ಬರುವ ಆಮೆಗಳಿಗೆ
ದಾರಿ ಕೇಳದೆಯೂ ಗೊತ್ತು
ಅನ್ನಬೇಕೆಂದಿದ್ದೆ.
ಬಾಯಲ್ಲಿ ಲವಂಗವಿತ್ತು. ಸುಮ್ಮನಾದೆ.

ನಕಾಶೆಯಲ್ಲಿ ಮೊಹೇಲಿ, ನಮ್ಮ ಬಾಯಲ್ಲಿ ಮ್ವಾಲಿ.
ಈರುಳ್ಳಿ ಮೂಟೆಗಳ ನಡುವೆ ಕೂತು,
ಮೂರು ಸಲ ವಾಂತಿ ಮಾಡಿಕೊಂಡು ಬಂದಿದ್ದ.
ಬೆನ್ನಿಗೊಂದು ಚೀಲ, ಎದೆಗೊಂದು ಮರಿ ಚೀಲ,
ಬಸುರಿ ಆಮೆ ಎದ್ದು ನಿಂತ ಹಾಗೆ.
ಮಸೀದಿ ಗೋಡೆಗೆ ಒರಗಿದ್ದ ಮುದುಕ ಬಕಾರಿ
ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ,
'ಮನೆ ಬಿಟ್ಟು ಬಂದನೋ, ಮನೆ ಹೊತ್ತು ಬಂದನೋ?' ಅಂದ.

ಕೆಟ್ಟವನಲ್ಲ.
ಉಂಡ ತಟ್ಟೆ ತಾನೇ ತೊಳೆದ.
ಮರಗೆಣಸು ಕಾಯಿಹಾಲಿನಲ್ಲಿ ಬೆಂದದ್ದನ್ನು
ಎರಡನೇ ಸಲ ಕೇಳಿ ಹಾಕಿಸಿಕೊಂಡ.
ಅತ್ತೆಯ ರೇಡಿಯೋ ಬಿಚ್ಚಿ ರಿಪೇರಿ ಮಾಡಿದ;
ಈಗ ಅದರೊಳಗೆ ಯಾವುದೋ ಬೇರೆ ದೇಶ ಮಾತಾಡುತ್ತದೆ.

ಯಾರೂ ಕಾಲಿಡದ ಕಡಲತೀರ ಬೇಕು ಅಂದ.
ಇಳಿತದ ಹೊತ್ತಿಗೆ ಬಂಡೆ ದಾಟಿ ಹೋಗು ಅಂದೆ.
ಅಲ್ಲಿ ನಮ್ಮ ಹನ್ನೊಂದು ಹೆಂಗಸರು
ಮುಖದ ತುಂಬ ಗಂಧ ಮೆತ್ತಿಕೊಂಡು
ಮೊಣಕಾಲುದ್ದದ ನೀರಿನಲ್ಲಿ ಆಕ್ಟೋಪಸ್ ತಿವಿಯುತ್ತಿದ್ದರು,
ಯಾರದೋ ಮದುವೆಯ ಬಗ್ಗೆ ಜಗಳವಾಡುತ್ತ.
ಸಂಜೆ ಫೋಟೋ ತೋರಿಸಿದ:
ನೀರು, ಬಂಡೆ, ಬೆಳಕು.
ಒಬ್ಬಳೂ ಇಲ್ಲ!
ಅಂಥ ಕೋನ ಹುಡುಕಲು ಪಾಪ, ಎಷ್ಟು ಬಗ್ಗಿದ್ದನೋ.

ಆ ರಾತ್ರಿ ಕರೆಂಟಿರಲಿಲ್ಲ.
ಆಮೆ ನೋಡಲು ಅವನು ಹೋಗಿದ್ದ.
ಚೀಲ ಮಂಚದ ಮೇಲೆ ಕೂತಿತ್ತು,
ಕತ್ತಲಲ್ಲಿ ಹೆಣ್ಣು ನೋಡಲು ಬಂದವರ ಹಾಗೆ ಬೆನ್ನು ನೆಟ್ಟಗೆ ಮಾಡಿ.

ಜಲ್ಹಾತಾ ಹೊರಟ ರಾತ್ರಿ ದೋಣಿಯವನದು ಒಂದೇ ಮಾತು:
ಚೀಲ ಬೇಡ.
ಚೀಲದ ಜಾಗದಲ್ಲಿ ಇನ್ನೊಂದು ಜೀವ ಕೂರುತ್ತದೆ, ದುಡ್ಡು ಕೊಡುವ ಜೀವ.
ನನ್ನ ತಂಗಿ ಮೂರು ಬಟ್ಟೆ ಒಂದರ ಮೇಲೊಂದು ತೊಟ್ಟಳು.
ಮಕ್ಕಳ ಬಲೂನಿನೊಳಗೆ ಫೋನು ತುರುಕಿ
ಹಲ್ಲಿನಲ್ಲಿ ಕಚ್ಚಿ ಗಂಟು ಬಿಗಿದಳು.
ಆಚೆಯ ದ್ವೀಪಕ್ಕೂ ಇದೇ ನೀರು. ಆದರೆ ಅಲ್ಲಿ ಕಾಗದ ಕೇಳುತ್ತಾರೆ.
ಓಂಡ್ರೆಯ ಕಾಗದ ಕೆಂಪು, ಅಂಗೈಯಗಲ, ಮೇಲೊಂದು ಸಿಂಹ;
ಸೊಳ್ಳೆ ಬತ್ತಿಯ ಪಕ್ಕದಲ್ಲಿ ಬಿದ್ದಿರುತ್ತದೆ.

ಬಲೂನಿನ ಫೋನು ಎರಡು ಸಲ ರಿಂಗಾಯಿತು.
ಆಮೇಲೆ ಯಾರೋ ಹೆಂಗಸು ಫ್ರೆಂಚಿನಲ್ಲಿ
ತುಂಬ ವಿನಯವಾಗಿ ಏನೋ ಹೇಳಿದಳು.
ಈಗಲೂ ಹೇಳುತ್ತಾಳೆ.
ಶುಕ್ರವಾರ ನಮಾಜಾದ ಮೇಲೆ ಒಮ್ಮೆ ಕೇಳಿಸಿಕೊಳ್ಳುತ್ತೇನೆ.

ಚೀಲ ಎತ್ತಿ ಬೆನ್ನಿಗೆ ಹಾಕಿದೆ.
ಎದೆಯ ಪಟ್ಟಿ, ಸೊಂಟದ ಪಟ್ಟಿ, ಟಕ್, ಟಕ್.
ಬಾಗಿಲಿಂದ ಕಿಟಕಿಗೆ ಆರು ಹೆಜ್ಜೆ,
ಕಿಟಕಿಯಿಂದ ಬಾಗಿಲಿಗೆ ಐದು.
ಬೇರೆಯವರ ಬೆವರಿನ ವಾಸನೆ, ಒದ್ದೆ ಕಾಲುಚೀಲ, ಸಾಬೂನು.
ಬಿಚ್ಚಲು ಬರಲಿಲ್ಲ.
ಅತ್ತೆ ದೀಪ ಹಿಡಿದು ಬಂದು, ಏನೂ ಕೇಳದೆ,
ಗುಂಡಿ ಒತ್ತಿ ಬಿಡಿಸಿದಳು, ಮಗುವಿನ ಅಂಗಿಯ ಹಾಗೆ.

ಸಣ್ಣ ವಿಮಾನಕ್ಕೆ ಹದಿನೈದೇ ಕಿಲೋ ಅಂತೆ.
ಯ್ಲಾಂಗ್ ಹೂ ತೂಗುವ ಕೊಕ್ಕೆಗೆ ನೇತುಹಾಕಿದೆವು: ಹದಿನೆಂಟು.
ನಸುಕಿಗೇ ಎದ್ದ ಒಂದು ಹುಡುಗಿ
ಬಿಸಿಲೇರುವ ಮುಂಚೆ ಬಿಡಿಸುವ ಹೂವಿನಷ್ಟು.
ಅವನು ನೆಲದ ಮೇಲೆ ಎಲ್ಲ ಹರವಿ
ಒಂದೊಂದನ್ನೂ ಕೈಯಲ್ಲಿ ಹಿಡಿದು ಹಿಡಿದು ನೋಡಿದ.
ಬೂಟು ಬಿಟ್ಟ. ಹಗ್ಗ ಬಿಟ್ಟ. ಗುಡಾರದ ಗೂಟ ಬಿಟ್ಟ.
'ಇಟ್ಟುಕೊಳ್ಳಿ ಎಶಾತಿ' ಅಂದ, ಕಿವಿ ಕೆಂಪಾಗಿ.
ಗೂಟಕ್ಕೆ ಈಗ ಮೇಕೆ ಕಟ್ಟುತ್ತೇವೆ.

ಅಂದಿನಿಂದ ತಕ್ಕಡಿಯ ಮುಳ್ಳು
ಸೊನ್ನೆಗೆ ಪೂರ್ತಿ ಮರಳಿಲ್ಲ.
ಬರಿಗೊಕ್ಕೆಯಲ್ಲೂ ಅರ್ಧ ಕಿಲೋ ತೋರಿಸುತ್ತದೆ.
ಹೂ ಕೀಳುವ ಹುಡುಗಿಯರಿಗೆ ಗೊತ್ತಾಗಿದೆ,
ಒಬ್ಬರ ಮುಖ ಒಬ್ಬರು ನೋಡಿ ನಗು ತಡೆಯುತ್ತಾರೆ.
ಎಣ್ಣೆ ಸಾಹುಕಾರ ಬಂದಾಗ
ಸರಿಮಾಡಿಸಬೇಕು ಅನ್ನುತ್ತೇನೆ.
ಮಾಡಿಸಿಲ್ಲ.