ಕೈ ಬೀಸಿದ್ದು

ಹಾರುವಾಗ ಏನೂ ಆಗಲಿಲ್ಲ. ಇಳಿಯುವಾಗಲೂ.
ಮೂರು ಗಾಲಿ ಒಟ್ಟಿಗೆ ನೆಲ ಮುಟ್ಟಿದ್ದನ್ನು
ಶೆಡ್ಡಿನ ಬಾಗಿಲಲ್ಲಿ ನಿಂತು ನಾನೇ ನೋಡಿದೆ,
ಮಲಗಿದ ಮಗುವಿನ ಮೇಲೆ ಕಂಬಳಿ ಎಳೆದಷ್ಟು ಮೆತ್ತಗೆ.
ಆಮೇಲೆ ಉಳಿದದ್ದು ಮುನ್ನೂರು ಮೀಟರು ನೆಲ,
ಜಲ್ಲಿ, ಕುರುಚಲು ಮುಳ್ಳು, ಕುರಿಬೇಲಿ,
ಮತ್ತೆ ಗಾಳಿ.

ಪಟಗೋನಿಯದ ಗಾಳಿಗೆ ನಾವು ಹೆಸರಿಡುವುದಿಲ್ಲ.
ಬೀಸದ ದಿನಕ್ಕೆ ಮಾತ್ರ ಒಂದು ಹೆಸರಿದೆ:
ರಜೆ.

ನೆರಿಸ್ ಪ್ಯೂ. ಅರವತ್ತೊಂದು ವರ್ಷ.
ವೇಲ್ಸಿನಿಂದ ಹಡಗು ಹತ್ತಿ ಬಂದವರ ಮರಿಮಗಳು.
ಇದೇ ಹಳದಿ ಪೈಪರಿನಲ್ಲಿ ಮೂವತ್ತು ವರ್ಷ
ಕುರಿಗಳಿಗೆ ಮದ್ದು, ಒಂಟಿ ಎಸ್ಟಾನ್ಸಿಯಾಗಳಿಗೆ ಟಪಾಲು,
ಒಮ್ಮೆ ಹೆರಿಗೆನೋವಿನ ಹುಡುಗಿಯನ್ನೂ ಹೊತ್ತು ತಂದವಳು.

ಬಾಲಗಾಲಿಯ ವಿಮಾನಕ್ಕೆ ಭಾರವೆಲ್ಲ ಹಿಂದೆ.
ನೆಟ್ಟಗೆ ಹೋಗುವಷ್ಟು ಹೊತ್ತು ಹಿಂದಿನದು ಹಿಂದೆಯೇ.
ಬಾಲ ಒಂದು ಗೇಣು ಪಕ್ಕಕ್ಕೆ ಜಾರಿತೋ,
ಹಿಂದಿನದಕ್ಕೆ ಮುಂದಾಗುವ ಹಟ.
ಕಲಿಸಿದ್ದು ಅವಳೇ, ಮೇಜಿನ ಮೇಲೆ ಚಮಚ ತಿರುಗಿಸಿ:
ಗಾಳಿ ಎದುರಿದ್ದರೆ ಅದರತ್ತ ಹತ್ತು,
ಹಿಂದಿದ್ದರೆ ಅದರಿಂದ ಧುಮುಕು.
ಕೋಲು ಬಿಡಬೇಡ, ಅನ್ಸೆಲ್ಮೊ.
ಹಗ್ಗ ಕಟ್ಟುವ ತನಕ ನೀನು ಹಾರುತ್ತಲೇ ಇದ್ದೀಯ.

ಗಾಳಿಚೀಲ ಸೆಟೆದು ನಿಂತ ದಿನ
ಓಡಿಹೋಗಿ ರೆಕ್ಕೆ ಹಿಡಿದು ಜೊತೆಗೆ ನಡೆಯುವುದು
ನನ್ನ ಕೆಲಸ. ಸಂಬಳ ಅದಕ್ಕೇ.
ಅವತ್ತು ಒಲೆಯ ಮೇಲೆ ಮಾಟೆಗೆ ನೀರಿಟ್ಟಿದ್ದೆ.
ಕುದಿ ಬಂದರೆ ಆ ನೀರು ಕೆಟ್ಟಂತೆ.
ಕೆಟಲಿನ ತಳ ಗುಂಯ್ ಅನ್ನಲೆಂದು ಕಾದೆ.
ಒಂದು ನಿಮಿಷ ಇರಬಹುದು.
ಒಂದೂವರೆ.

ಅವಳು ಹೊರಳಿ, ಗಾಳಿಗೆ ಬೆನ್ನು ಕೊಟ್ಟು ಬರುತ್ತಿದ್ದಳು.
ಪೈಪರಿನ ಬಾಗಿಲಿರುವುದು ಬಲಕ್ಕೆ.
ಕೋಲು ಹಿಡಿಯುವ ಕೈಯೂ ಬಲಗೈ.
ಆ ಕೈ ಹೊರಗೆ ಚಾಚಿ ಬೀಸಿದಳು.
ನಾನೂ ಬೀಸಿದೆ.
ಗಾಳಿಯೂ ಬೀಸಿತು.

ಬಿಟ್ಟ ಕೋಲು ಹಿಂದಕ್ಕೆ ವಾಲಿತು.
ಬಾಲದ ಹಲಗೆ ಬಾಯಿ ತೆರೆಯಿತು.
ಕೆಳಗೆ ಕೈಹಾಕಿ ಎತ್ತಿದ್ದು ಯಾರೆಂದು
ಕಣ್ಣಿಗೆ ಕಾಣುವಂಥದಲ್ಲ.
ಎಡಕ್ಕೆ ಒಂದು ಸುತ್ತು. ಬಲರೆಕ್ಕೆ ಜಲ್ಲಿ ಗೀಚಿತು.
ಮರದ ಪ್ರೊಪೆಲರು ಸೌದೆಯಾಯಿತು.
ಬೇಲಿಯಾಚೆ ಕುರಿಗಳು ತಲೆಯೆತ್ತಿ,
ನೋಡಿ,
ಮತ್ತೆ ಮೇಯತೊಡಗಿದವು.

ಸ್ವಿಚ್ಚು ಆರಿಸಿದಳು. ಪಟ್ಟಿ ಬಿಚ್ಚಿದಳು. ಇಳಿದಳು.
ಮೈಮೇಲೆ ಒಂದು ಗೀರೂ ಇಲ್ಲ.
ಓಡಿ ಬಂದು ಏದುಸಿರು ಬಿಡುತ್ತಿದ್ದ ನನ್ನನ್ನು ನೋಡಿ
ಮೊದಲು ಕೇಳಿದ್ದು: ನೀರು ಕುದಿಯಿತಾ?
ಕುದಿದಿತ್ತು. ಚೆಲ್ಲಿದೆ.

ವಿಮೆಯ ಕಾಗದದಲ್ಲಿ ಪ್ರಶ್ನೆ: ಯಾವ ಹಂತದಲ್ಲಿ?
ಏರುವಾಗ, ಹಾರುವಾಗ, ಇಳಿಯುವಾಗ, ಚೌಕಗಳ ಸಾಲು.
ಕಟ್ಟಕಡೆಗೆ: ನೆಲದ ಮೇಲೆ ಚಲಿಸುವಾಗ.
ಅಲ್ಲಿ ಗುರುತು ಹಾಕುವಾಗ ಅವಳ ಕಿವಿ ಕೆಂಪಗಾಗಿತ್ತು.
ಆಕಾಶದಿಂದ ಬಿದ್ದವರ ಮುಂದೆ ಜನ ಟೊಪ್ಪಿ ತೆಗೆಯುತ್ತಾರೆ.
ಅಂಗಳದಲ್ಲಿ ಎಡವಿದವರನ್ನು ಕಂಡು
ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ.

ಈಗ ಜುಲೈ. ಕೊರೆಯುವ ಚಳಿ.
ಶೆಡ್ಡಿನೊಳಗೆ ರೆಕ್ಕೆಗೆ ಹೊಸ ಬಟ್ಟೆ ಹೊಲಿಯುತ್ತೇವೆ,
ಆ ಮಗ್ಗುಲಲ್ಲಿ ಅವಳು, ಈ ಮಗ್ಗುಲಲ್ಲಿ ನಾನು.
ನಡುವೆ ನಿಲ್ಲಿಸಿದ ರೆಕ್ಕೆ; ಮುಖ ಕಾಣುವುದಿಲ್ಲ.
ಮೇಣ ತಿಕ್ಕಿದ ದಾರ, ಎರಡು ಬೆರಳಿಗೊಂದು ಗಂಟು.

ನಾಲಗೆಯ ತುದಿಯಲ್ಲೇ ಇದೆ:
ಅವತ್ತು ಕೈ ಬೀಸಿದ್ದು 'ಬಾ, ಹಿಡಿ' ಅಂತಲೋ,
'ಬೇಡ, ಬಂದುಬಿಟ್ಟೆ' ಅಂತಲೋ?
ಮೊದಲನೆಯದಾದರೆ ತಪ್ಪು ನನ್ನದು.
ಎರಡನೆಯದಾದರೆ
ಅವಳಿಗೆ ಅದನ್ನು ಬಾಯಿಬಿಟ್ಟು ಹೇಳಿಸಿದ ತಪ್ಪೂ ನನ್ನದೇ.
ಅವಳೂ ಕೇಳಿಲ್ಲ, ನಾನು ಯಾಕೆ ಬೀಸಿದೆನೆಂದು.

ತಗಡು ಬಡಿದುಕೊಳ್ಳುತ್ತಿದೆ.
ಬಟ್ಟೆ ತೂರಿ ಸೂಜಿಯ ಮೂತಿ ಈಚೆ ಬರುತ್ತದೆ.
ಎಳೆದು, ಗಂಟು ಬಿಗಿದು,
ಒಂದು ಅಂಗುಲ ಬಿಟ್ಟು
ಅವಳ ಕಡೆಗೆ ಚುಚ್ಚುತ್ತೇನೆ.