ಎರಡು ಅಡಗುತಾಣ

ಟೂವೂಂಬಾದ ಜಾನುವಾರು ಮೈದಾನದ ತಗಡಿನ ಷೆಡ್ಡು.
ಜುಲೈ ತಿಂಗಳ ಚಳಿ, ಮಾತಾಡಿದರೆ ಬಾಯಲ್ಲಿ ಹೊಗೆ.
ಹೋದ ವಾರ ಇಲ್ಲಿ ಕುರಿಗಳಿದ್ದವು, ವಾಸನೆ ಇನ್ನೂ ಹೇಳುತ್ತಿದೆ.
ಈ ವಾರ ಉದ್ದಕ್ಕೂ ಮೇಜು, ಡಬ್ಬಿಯ ಮೇಲೆ ಡಬ್ಬಿ,
ಒಂದೊಂದರೊಳಗೂ ಬಿಚ್ಚಿಟ್ಟ ಬಳೆಯಂಥ ಜೀವ.

ಕತ್ತಲಲ್ಲಿ ತೋಟದ ಪೈಪು ತುಳಿದು
ಹಾವೆಂದು ಹಾರಿ, ಕಾಲು ಉಳುಕಿಸಿಕೊಂಡವನು ನಾನು.
ನನ್ನ ಮುಂದೆ ಮಾರ್ನಿ. ಹನ್ನೊಂದು ವರ್ಷ.
ನಮ್ಮ ಮನೆಗೆ ಬಂದು ಏಳು ವಾರ.
ಕೈಯಲ್ಲಿ ತಾನೇ ಗೆರೆ ಎಳೆದ ಪುಸ್ತಕ:
ಬೆಲೆ, ಉದ್ದ, ಕಚ್ಚುತ್ತದೆಯೋ ಇಲ್ಲವೋ,
ಎಷ್ಟು ದಿನಕ್ಕೊಮ್ಮೆ ಊಟ.

ಮೊದಲು ನಿಂತದ್ದು ಬೆಳ್ಳನೆಯದರ ಮುಂದೆ.
ಕೆಂಪು ಕಣ್ಣು, ಬೆಲೆ ನನ್ನ ಕಾರಿನ ಅರ್ಧ.
'ಬೆಳೆದರೆ ನಿಮ್ಮಪ್ಪನಿಗಿಂತ ಉದ್ದ,' ಅಂದ ಮಾರುವವ.
'ಅಪ್ಪ ಅಲ್ಲ,' ಅಂದು ಮುಂದೆ ನಡೆದಳು.
ಸಿಟ್ಟಿಲ್ಲ, ತಪ್ಪು ಕಾಗುಣಿತ ತಿದ್ದಿದ ಹಾಗೆ.

ಮೂಲೆಯಲ್ಲಿ ಬೆವ್, ಮೂವತ್ತು ವರ್ಷ
ಶಾಲೆಯ ಬಸ್ಸು ಓಡಿಸಿದ ಕೈ.
'ಚಿಲ್ಡ್ರನ್ಸ್ ಪೈಥಾನ್' ಎಂದು ಬರೆದ ರಟ್ಟು.
'ಮಕ್ಕಳಿಗೆಂದೇ ಇರೋದಾ?'
'ಅಲ್ಲ ಮರಿ. ಚಿಲ್ಡ್ರನ್ ಅಂತ ಒಬ್ಬ ದೊಡ್ಡ ಮನುಷ್ಯ ಇದ್ದ,
ಅವನ ಹೆಸರು. ಆದರೂ ಮಕ್ಕಳಿಗೆ ಆದೀತು.'
ಒದ್ದೆ ಮರಳಿನ ಬಣ್ಣ, ಮೇಲೆ ಚಹಾ ಚೆಲ್ಲಿದ ಕಲೆ.
ಯಾರೂ ಎರಡನೇ ಸಲ ತಿರುಗಿ ನೋಡದಂಥದ್ದು.

'ಹಿಡಿ. ಅದು ಹೋದ ಕಡೆ ನಿನ್ನ ಕೈ ಹೋಗಲಿ.'
ಬೆರಳಿಂದ ಬೆರಳಿಗೆ ಅದು ದಾಟುವಾಗ
ಮಾರ್ನಿ ಉಸಿರಾಡಿದ್ದನ್ನು ನಾನು ಕಾಣೆ.
'ಚೆನ್ನಾಗಿ ತಿನ್ನುತ್ತಾ?'
ಬೆವ್ ಚೀಟಿ ತೋರಿಸಿದಳು, ತಾರೀಖು ಸಮೇತ:
ಆರು ಸಲ ತಿಂದಿದೆ, ಒಮ್ಮೆ ಒಲ್ಲೆ ಅಂದಿದೆ.

'ಮನೆಗೊಯ್ದ ಮೇಲೆ ವಾರವಿಡೀ ಮುಟ್ಟಬೇಡ.
ಗಾಜು ತಟ್ಟಬೇಡ. ಊಟ ಹಿಡಿದು ಎದುರು ಕೂರಬೇಡ.
ಅಡಗಲು ಎರಡು ಜಾಗ ಮಾಡು,
ಬೆಚ್ಚಗಿನ ಕಡೆ ಒಂದು, ತಣ್ಣಗಿನ ಕಡೆ ಒಂದು.
ಒಂದೇ ಇದ್ದರೆ, ಪಾಪ,
ಚಳಿ ತಡೆಯಲೋ ಭಯ ತಡೆಯಲೋ
ಅಂತ ಅದೇ ಆರಿಸಿಕೊಳ್ಳಬೇಕಾಗುತ್ತೆ.'

ಪ್ರತಿ ಮಾತು ಬರೆದುಕೊಳ್ಳುತ್ತಿದ್ದವಳು
ಇದನ್ನು ಬರೆಯಲಿಲ್ಲ. 'ಗೊತ್ತು,' ಅಂದಳು.

ನಾನು ಶೂಗಳನ್ನು ನೋಡಿಕೊಂಡೆ.
ಮೊದಲ ವಾರ ಅವಳ ಬಾಗಿಲ ಮುಂದೆ
ನಾನು, ಗ್ವೆಂಡಾ, ಸರದಿಯ ಮೇಲೆ,
ಕೈಯಲ್ಲಿ ತಟ್ಟೆ, ಮುಖದಲ್ಲಿ ನಗು ಹಿಡಿದು
ಎಷ್ಟು ಸಲ ತಟ್ಟಿದ್ದೆವು.

'ಎಷ್ಟು ವರ್ಷ ಬದುಕುತ್ತೆ?'
'ಇಪ್ಪತ್ತು. ಹೆಚ್ಚೂ ಆದೀತು.'
ಪೆನ್ಸಿಲು ಕೂಡಿಸಿತು: ಮೂವತ್ತೊಂದು.
ಪಕ್ಕದಲ್ಲಿ ಬೇರೇನೂ ಬರೆಯಲಿಲ್ಲ.
ಹಾವಿನ ಪರವಾನಗಿ ನನ್ನ ಹೆಸರಲ್ಲಿ.
ಮಾರ್ನಿಯ ಕಾಗದವೂ ನನ್ನ ಹೆಸರಲ್ಲೇ,
ಅದರ ಕೊನೆಯ ತಾರೀಖು ಡಿಸೆಂಬರಿನದು.

ದಾರಿಯುದ್ದಕ್ಕೂ ಬಟ್ಟೆಯ ಚೀಲ ಅವಳ ಸ್ವೆಟರಿನೊಳಗೆ.
ಫ್ರೀಜರಿನಲ್ಲಿ ಬಟಾಣಿಯ ಪಕ್ಕ ಇಲಿಮರಿಗಳ ಪೊಟ್ಟಣ,
'ತೆಗೆಯಬೇಡಿ' ಎಂದು ಗ್ವೆಂಡಾ ದೊಡ್ಡಕ್ಷರದಲ್ಲಿ ಬರೆದಳು,
ಬರೆದು ಕೈಯನ್ನು ಎರಡು ಸಲ ತೊಳೆದಳು.

ತೆಂಗಿನ ಚಿಪ್ಪು ಒಂದೇ ಸಿಕ್ಕಿತ್ತು.
ರಾತ್ರಿ ಒಂಬತ್ತಕ್ಕೆ ಹೂಕುಂಡದ ಜೆರೇನಿಯಂ ಕಿತ್ತು
ಬಕೆಟ್ಟಿನಲ್ಲಿಟ್ಟು, ಕುಂಡ ಕವುಚಿ,
ಸುತ್ತಿಗೆಯ ತುದಿಯಿಂದ ಅಂಚು ಮುರಿದೆ,
ಹೆಬ್ಬೆರಳು ಹೋಗುವಷ್ಟು ಬಾಗಿಲು.
ಮುರಿದಲ್ಲಿ ಚೂಪು. ಮರಳು ಕಾಗದ ಹುಡುಕಿ
ಮೆಟ್ಟಿಲ ಮೇಲೆ ಕುಳಿತು ಉಜ್ಜುತ್ತಿದ್ದೆ.

ಕಿಟಕಿ ತಾನಾಗಿ ತೆರೆಯಿತು, ಒಂದು ಗೇಣು.
'ಆಯ್ತಾ?'
'ಇನ್ನೂ ಸ್ವಲ್ಪ ತರಿ ಇದೆ.'
ಕಿಟಕಿ ಹಾಗೇ ತೆರೆದಿತ್ತು, ಆ ಚಳಿಯಲ್ಲಿ.