ಹೆಬ್ಬೆಟ್ಟು

ಊರ ಕಚೇರಿಯ ಯಂತ್ರ ನನ್ನ ಹೆಬ್ಬೆಟ್ಟನ್ನು ಒಪ್ಪಲಿಲ್ಲ.
'ಮತ್ತೊಮ್ಮೆ ಒತ್ತಿ' ಎಂದಿತು, ಇಂಪಾದ ದನಿಯಲ್ಲಿ.
ಮತ್ತೊಮ್ಮೆ. ಇನ್ನೂ ಒಮ್ಮೆ.
ಇಪ್ಪತ್ತಾರು ಚಳಿಗಾಲ ಸಿಂಪಿ ಬಿಡಿಸಿದ ಬೆರಳು,
ಗೆರೆಗಳನ್ನೆಲ್ಲ ಚಿಪ್ಪು ತಿಂದುಬಿಟ್ಟಿದೆ.
ಟೊಂಗ್ಯೊಂಗಿನ ಈ ಬಂದರಿನಲ್ಲಿ
ನಮ್ಮ ಶೆಡ್ಡಿನ ಅರ್ಧ ಹೆಂಗಸರು ಹೀಗೇ,
ಸರ್ಕಾರದ ಗಾಜಿಗೆ ಬರೀ ನುಣುಪು.

ಅದೇ ಸಂಜೆ ಗುಡ್ಡ ಹತ್ತಿದೆ, ಬಿಲ್ಲಿನ ಮಂಟಪಕ್ಕೆ,
ಹತ್ತೊಂಬತ್ತು ವರ್ಷದ ಮೇಲೆ.
ಯಾಕೆ ಬಿಟ್ಟೆ ಎಂದು ಯಾರಾದರೂ ಕೇಳಿದರೆ ಇರಲಿ ಎಂದು
ಬಸ್ಸಿನಲ್ಲೇ ಒಂದು ಉತ್ತರ ಹೊಂದಿಸಿದ್ದೆ:
ಭುಜದ ನೋವು, ಗಂಡನ ದೋಣಿ, ಸಾಲದ ಕಂತು.
ಯಾರೂ ಕೇಳಲಿಲ್ಲ.
ತಾಕ್ ಅಜ್ಜ ಮಾತ್ರ ಕನ್ನಡಕ ಹಣೆಗೇರಿಸಿ
'ಯೊಂಗ್-ಸಿಲ್, ಚಪ್ಪಲಿ ಸರಿಯಾಗಿ ಬಿಡು' ಎಂದ.

ಎಮ್ಮೆಯ ಕೊಂಬು, ಬಿದಿರು, ಎತ್ತಿನ ನರ, ಮೀನಿನ ಅಂಟು:
ನಾಲ್ಕು ಜೀವ ಸೇರಿ ಒಂದು ಹಟ, ನನ್ನ ಹಳೆಯ ಬಿಲ್ಲು.
ಹೆದೆ ಇಳಿಸಿದರೆ ಹಿಂದುಮುಂದಾಗಿ ಸುರುಳಿಗೊಳ್ಳುತ್ತದೆ,
ಬೈಸಿಕೊಂಡು ಗೋಡೆಗೆ ತಿರುಗಿ ಮಲಗಿದ ಮಗುವಿನಂತೆ.
ನನ್ನದು ಅಟ್ಟದ ತೇವ ಕುಡಿದು ಸೊಟ್ಟಗಾಗಿತ್ತು.
'ಇದಕ್ಕೆ ಬಿಸಿ ನೆಲದ ಮೇಲೆ ಒಂದು ತಿಂಗಳು ಬೇಕು,
ನಿನಗೆ ಎಷ್ಟೋ' ಎಂದು
ಕಾರ್ಬನ್ನಿನ ಹಗುರ ಬಿಲ್ಲೊಂದನ್ನು ಕೈಗಿಟ್ಟ.

ಒಂದು ಗುಟ್ಟು ಹೇಳಬೇಕು.
ಆಗಲೂ ಹೆಬ್ಬೆರಳಲ್ಲಿ ಉಂಗುರವಿತ್ತು, ತೋರಿಕೆಗೆ.
ಎಳೆಯುತ್ತಿದ್ದದ್ದು ಮೂರು ಬೆರಳಲ್ಲಿ,
ಶಾಲೆಯ ತಂಡದಲ್ಲಿ ಕಲಿತ ಹಾಗೆ.
ಗುರಿಗೆ ತಾಗುತ್ತಿತ್ತಲ್ಲ, ಇನ್ನೇನು ಎಂದುಕೊಂಡಿದ್ದೆ.
ಅಜ್ಜನಿಗೆ ಗೊತ್ತಿತ್ತಂತೆ.
'ಹೇಳಿದ್ದರೆ ಬಿಟ್ಟು ಹೋಗುತ್ತಿದ್ದೆ' ಎಂದ.
'ಹೇಳದಿದ್ದರೂ ಹೋದೆ.'

ದಾರ ಸುತ್ತಿ ಬೆರಳ ಅಳತೆ ತೆಗೆದ.
ಬೆಳಿಗ್ಗೆ ಒಂದು, ಸಂಜೆ ಇನ್ನೊಂದು,
ಸಿಂಪಿಯ ಪಾಳಿ ಮುಗಿಸಿ ಬಂದ ದಿನ ಮೂರನೆಯದು.
'ಯಾವ ಬೆರಳಿಗೆ ಮಾಡಿಕೊಡಲಿ?' ಎಂದು ಗೊಣಗುತ್ತಾ
ಕೊಂಬಿನ ತುಂಡಿಗೆ ಅರ ಹಿಡಿದ.
ಮಂಟಪದ ತುಂಬ ಸುಟ್ಟ ಕೂದಲ ವಾಸನೆ.
ದುಂಡಗಿಲ್ಲ ಈ ಉಂಗುರ, ಒಂದು ಕಡೆ ನಾಲಿಗೆ ಚಾಚಿದೆ;
ಅಡ್ಡಲಾಗಿ ತೂರಿಸಿ ಕಾಲು ಸುತ್ತು ತಿರುಗಿಸಿದರೆ
ಗಪ್ಪನೆ ಕೂತಿತು.

ಹೆಬ್ಬೆರಳು ಹೆದೆಯನ್ನು ತಬ್ಬಬೇಕು.
ತೋರುಬೆರಳು ಅದರ ಉಗುರ ಮೇಲೆ, ಭಾರ ಹಾಕದೆ.
ಬಾಣ ಬಿಲ್ಲಿನ ಬಲಗಡೆ.
ನನ್ನ ಕೈ ಎಡಕ್ಕೇ ಹೋಗುತ್ತದೆ,
ಮನೆ ಬದಲಿಸಿದವಳು ಹಳೇ ಬೀದಿಗೆ ತಿರುಗಿದ ಹಾಗೆ.
ಬಿಲ್ಲು ಹಿಡಿದ ಕೈಗೆ ಬೇರೆ ಪಾಠ: ಒದ್ದೆ ಬಟ್ಟೆಯಂತೆ ಹಿಂಡು.
ಮೊದಲ ವಾರಕ್ಕೆ ಉಗುರು ಕಪ್ಪಾಯಿತು.
ಎರಡನೇ ವಾರ ಹೆದೆ ಕಿವಿಗೆ ಬಡಿದು
ಪಕ್ಕದ ಮೇಜಿನ ಜೊಮ್-ರ‍್ಯೆ ಕೇಳಿದಳು,
'ಯಾರ ಜೊತೆ ಜಗಳ?'

ಇಲ್ಲಿ ಮೊದಲ ಬಾಣಕ್ಕೆ ಮುನ್ನ
ಎಂಬತ್ತೆರಡರ ಅಜ್ಜನೂ ಹೇಳಲೇಬೇಕು:
'ಬಿಲ್ಲು ಕಲಿಯುತ್ತೇನೆ.'
ಆಮೇಲೆ ಮಾತಿಲ್ಲ.
ಆಗೆಲ್ಲ ಅದನ್ನು ಬಾಗಿಲಲ್ಲಿ ಕೆಮ್ಮಿದಂತೆ ಹೇಳಿ ಮುಗಿಸುತ್ತಿದ್ದೆ.
ಈ ಸಲ ಗಂಟಲು ಕಟ್ಟಿತು.
ಅಕ್ಷರ ಬಾರದವರನ್ನು ಹೆಬ್ಬೆಟ್ಟು ಎನ್ನುವುದುಂಟು.
ಸರಿ, ಹೆಬ್ಬೆಟ್ಟೇ.

ನೂರ ನಲವತ್ತೈದು ಮೀಟರಿನಾಚೆ ಹಲಗೆ,
ಅದರಾಚೆ ಸಮುದ್ರ, ಸಿಂಪಿ ತೋಟದ ಬಿಳಿ ಬುರುಡೆಗಳ ಸಾಲು.
ಒಂದು ಬಾಣ ಕಾಲ ಬುಡದಲ್ಲೇ ಬಿತ್ತು.
ಒಂದು ಪಕ್ಕದ ಹಲಗೆಯ ಕಡೆ ಸಾಗಿತು, ಕ್ಷಮೆ ಕೇಳಿದೆ.
ಇನ್ನೆರಡನ್ನು ಲೆಕ್ಕಕ್ಕಿಡುವುದು ಬೇಡ.
ಐದನೆಯದು ಯಾವಾಗ ಹೋಯಿತೋ,
ಬೆರಳು ಹಗುರಾಯಿತು, ಅಷ್ಟೇ.
ಕಾದೆ. ಟಪ್ಪೆನ್ನಲಿಲ್ಲ,
ಹಲಗೆಯ ಮೇಲಿನ ಕೆಂಪು ದೀಪ ಹತ್ತಲಿಲ್ಲ.

ತಂತಿಯ ಮೇಲೆ ಬಾಣಗಳ ಬುಟ್ಟಿ ವಾಪಸು ಬಂದಾಗ
ಒಂದು ಕಡಿಮೆ.
ಟಾರ್ಚು ಹಿಡಿದು ಇಳಿದೆವು, ಅಜ್ಜ ಮುಂದೆ, ನಾನು ಹಿಂದೆ.
ಉಂಗುರ ತೆಗೆದಲ್ಲಿ ಹೊಸ ಗೆರೆ ಬಿದ್ದಿತ್ತು, ನೇರಳೆ ಬಣ್ಣ;
ಬೆಳಗಾದರೆ ಮಾಯವಾಗುವಂಥದ್ದು.
'ಕೊನೆಯದರ ಸದ್ದು ಚೆನ್ನಾಗಿತ್ತು' ಎಂದ ಅಜ್ಜ,
ಹುಲ್ಲನ್ನು ಕಾಲಲ್ಲಿ ಸರಿಸುತ್ತಾ.
'ಬಿಟ್ಟ ಸದ್ದು. ಬಿದ್ದ ಸದ್ದು ನಾನು ಕೇಳಿಲ್ಲ.
ಆ ಕಡೆ ನೋಡು, ನೀನು.'